ಸಂಜೆಯ ಊಟ ಯಾರ ಮನೆಗೆ

ಲೆಗಾನ್,
ಜನವರಿ ೧೮, ೧೯೯೬

ಪ್ರೀತಿಯ ಅಮ್ಮಾ,

ತೀರ್ಪಿನ ನಕಲು ಕೈಸೇರಿತು. "ವಿಚ್ಛೇದನದ ಅರ್ಜಿಯನ್ನು ತಿರಸ್ಕರಿಸಲಾಗಿದೆ" ಎಂಬ ಕೊನೆಯ ಸಾಲನ್ನು ನಾನು ತಾಳ್ಮೆಯಿಂದಲೇ ಓದಿದೆ. ತಾಳ್ಮೆ ಕೆಟ್ಟದ್ದು ಅದರ ಹಿಂದಿನ ಪುಟದಲ್ಲಿ.

ನೀನು ಆರು ವರ್ಷಗಳಿಂದ ಅಪ್ಪನ ಹೊಸಿಲು ತುಳಿದಿಲ್ಲ. ಗಂಡಹೆಂಡತಿಯಾಗಿ ಐದು ವರ್ಷ ಬಾಳದಿದ್ದರೆ ಮದುವೆ ಮುರಿದಿದೆಯೆಂದು ಕಾನೂನು ಒಪ್ಪುತ್ತದೆ. ಆದರೆ ನ್ಯಾಯಾಧೀಶರು ಬರೆದಿರುವುದು ಹೀಗೆ: ಅಸಾಂಟೆ ಸೀಮೆಯಲ್ಲಿ ಗಂಡ ತನ್ನ ತಾಯಿಯ ಮನೆಯಲ್ಲಿಯೂ ಹೆಂಡತಿ ತನ್ನ ತಾಯಿಯ ಮನೆಯಲ್ಲಿಯೂ ಇರುವುದು ರೂಢಿ, ಆದ್ದರಿಂದ ಬೇರೆ ಮನೆಯಲ್ಲಿದ್ದ ಮಾತ್ರಕ್ಕೆ ಬೇರ್ಪಟ್ಟರೆನ್ನಲಾಗದು, ಹೆಂಡತಿಯ ಒಲೆಯಿಂದ ಗಂಡನ ಮನೆಗೆ ಸಂಜೆಯ ಊಟ ಹೋಗುತ್ತಿರುವವರೆಗೆ ಆ ಮದುವೆಗೆ ಜೀವವಿದೆ.

ನಾನು ಅಂದು ಹಿಂದಿನ ಬೆಂಚಿನಲ್ಲಿದ್ದೆ. ಅಪ್ಪನ ವಕೀಲರು ಎಷ್ಟು ಮೆತ್ತಗೆ ಕೇಳಿದರು!

"ಯಮ್ಮಾ, ನಿಮ್ಮನೆಯಿಂದ ಎದುರು ಮನೆಗೆ ಸಂಜೆ ಪಾತ್ರೆ ಹೋಗುತ್ತಾ?"

"ಹೋಗುತ್ತೆ."

"ದಿನಾ?"

"ದಿನಾನೂ. ಒಂದಿನ ತಪ್ಸಿಲ್ಲ. ಬೇಕಾದ್ರೆ ಬೀದಿಯೋರ್ನ ಕೇಳಿ."

ನೀನು ಗದ್ದ ಮೇಲೆತ್ತಿ ಹೇಳಿದೆ. ಆ ಊಟವನ್ನು ಉಣ್ಣುವವರು ಯಾರೆಂದು ಅವರು ಕೇಳಲಿಲ್ಲ. ಕೇಳಬೇಕಿದ್ದ ನಮ್ಮ ವಕೀಲರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಆರು ವರ್ಷದ ಹಿಂದೆ ತಾತ ತೀರಿಕೊಂಡಾಗ ಅಪ್ಪ ಬರಲಿಲ್ಲ. ಅಳಿಯ ತರಬೇಕಾದ ಶವಪೆಟ್ಟಿಗೆ ಬರಲಿಲ್ಲ. ಸತ್ತ ಹಿರಿಯರ ಹೆಸರಲ್ಲಿ ನೆಲಕ್ಕೆ ಮದ್ಯ ಎರೆಯುವ ಅಂಗಳದಲ್ಲಿ ಚರ್ಚಿನ ಎಲ್ಡರ್ ಆದ ತಾನು ನಿಲ್ಲಲಾರೆನೆಂದು ಹೇಳಿ ಕಳಿಸಿ, ಬೀದಿಯ ಆಚೆ ಬದಿಯಲ್ಲಿ ಕಿಟಕಿ ಮುಚ್ಚಿ ಕುಳಿತರು. ಈ ಅವಮಾನಕ್ಕೆ ತೀರ್ಪು ಕೊಟ್ಟಿರುವುದು ಒಂದೇ ವಾಕ್ಯ: "ವಿಷಾದಕರ, ಆದರೆ ಮದುವೆ ಮುರಿಯುವಷ್ಟಲ್ಲ." ಬೇರೆ ಮನೆಯ ರೂಢಿ ನೆನಪಿದ್ದ ನ್ಯಾಯಾಧೀಶರಿಗೆ ಶವಪೆಟ್ಟಿಗೆಯ ರೂಢಿ ನೆನಪಾಗಲಿಲ್ಲ. ನಮ್ಮ ಸಂಪ್ರದಾಯದಲ್ಲಿ ಅವರು ತಮಗೆ ಬೇಕಾದ ಅರ್ಧವನ್ನಷ್ಟೇ ಬಲ್ಲರು.

ಸೋತೆವೆಂದುಕೊಳ್ಳಬೇಡ. ಮೇಲ್ಮನವಿ ಸಲ್ಲಿಸಲು ಮೂರು ತಿಂಗಳಿದೆ. ಆದರೆ ಮೇಲಿನ ಕೋರ್ಟು ಸಾಮಾನ್ಯವಾಗಿ ಕೆಳಗಿನ ಕೋರ್ಟಿನ ಮುಂದಿದ್ದ ಸಾಕ್ಷ್ಯವನ್ನೇ ತೂಗುತ್ತದೆ. ಅಲ್ಲಿ ನಾವು ಇಟ್ಟದ್ದು ಮುಚ್ಚಳವಿದ್ದ ಒಂದು ಪಾತ್ರೆಯನ್ನು. ಅದಕ್ಕಿಂತ ಹೊಸ ಸಂಗತಿಗಳೊಡನೆ ಹೊಸ ಅರ್ಜಿ ಹಾಕುವುದು ಮೇಲು. ಒಮ್ಮೆ ತಿರಸ್ಕರಿಸಿದ ಕೋರ್ಟು ಬಾಗಿಲಿಗೆ ಬೀಗ ಹಾಕಿದಂತಲ್ಲ. ಇನ್ನೊಂದು ದಾರಿಯೂ ಇದೆ: ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ರಾಜಿಯಾಗಲಿಲ್ಲವೆಂದು ತೋರಿಸುವುದು. ಅದಕ್ಕೆ ಎರಡೂ ಮನೆತನದ ಹಿರಿಯರು ಕೂತು, ಸೋತು, ಹಾಗೆಂದು ಸಾಕ್ಷಿ ನುಡಿಯಬೇಕು. ಹೆಣ್ಣು ಕೇಳುವಾಗ ಗಂಡಿನ ಕಡೆಯವರು ಕೊಟ್ಟ ಮದುವೆಯ ಮದ್ಯವನ್ನು ಸೋದರಮಾವ ಬಾಫಿ ಹಿಂದಿರುಗಿಸಲು ಹೋದಾಗಲೆಲ್ಲ ಅಪ್ಪನ ಕುಲದ ಗಂಡಸರು ಬಾಟಲಿ ಮುಟ್ಟದೆ ಕಳಿಸಿದ್ದಾರಲ್ಲ, ಆ ದಾರಿ ಸದ್ಯ ಮುಚ್ಚಿದೆ.

ಆದ್ದರಿಂದ ಹೊಸ ಅರ್ಜಿ. ಅದಕ್ಕೊಂದೇ ಷರತ್ತು: ಪಾತ್ರೆ ನಿಲ್ಲಬೇಕು. ಈ ಪತ್ರ ಓದಿದ ಸಂಜೆಯೇ.

ಕಾನೂನು ತರಗತಿಯಲ್ಲಿ ಈ ಸಲವೂ ಮೊದಲಿಗಳಾದ ನಿನ್ನ ಮಗಳು,
ಬಿರಾಗೊ


ಅಡುಮಾಸ,
ಫೆಬ್ರುವರಿ ೩, ೧೯೯೬

ಮಗಳೇ ಬಿರಾಗೊ,

ಪಾತ್ರೆ ನಿಲ್ಲುವುದಿಲ್ಲ.

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ನೀನು ಕೋಪದಲ್ಲೇ ಓದಿದರೂ ಸರಿ. ಆ ಊಟ ನಿನ್ನ ಅಪ್ಪನದಲ್ಲ, ಅವರ ತಾಯಿಯದು. ನಿನಗೂ ಗೊತ್ತು, ಚಿಕ್ಕವಳಿದ್ದಾಗ ತಲೆಯ ಮೇಲೆ ಹೊತ್ತುಕೊಂಡು ಹೋಗಿ ಫ್ರೇಮಾ ಅಜ್ಜಿಯ ಕೈಗೇ ಕೊಡುತ್ತಿದ್ದವಳು ನೀನು. ಈಗ ಅವರಿಗೆ ಕಣ್ಣು ಮಂಜು. ಒನಕೆ ಎತ್ತಲಾರರು. ಮಗ ಪ್ರಾರ್ಥನೆ ಮಾಡಬಲ್ಲ, ಗೆಣಸು ಕುಟ್ಟಿ ಫುಫು ಮುದ್ದೆ ಮಾಡಲಾರ.

ನಮ್ಮಪ್ಪನನ್ನು ಮಣ್ಣು ಮಾಡಿದ ದಿನ ನೀನು ಹಾಸ್ಟೆಲ್ಲಿನಿಂದ ಬಂದದ್ದು ಮಧ್ಯಾಹ್ನ. ಬೆಳಿಗ್ಗೆ ಆದದ್ದು ನೀನು ನೋಡಿಲ್ಲ. ಅಳಿಯನ ಪೆಟ್ಟಿಗೆ ಬರುತ್ತದೆಂದು ನಮ್ಮ ಕಡೆಯವರೆಲ್ಲ ಬೀದಿಯನ್ನೇ ನೋಡುತ್ತಿದ್ದರು. ಪೆಟ್ಟಿಗೆ ಬರಲಿಲ್ಲ. ಎದುರು ಮನೆ ಬಾಗಿಲು ತೆರೆದು ಮುದುಕಿ ಬಂದರು, ಶೋಕದ ಕೆಂಪು ಬಟ್ಟೆ ಉಟ್ಟು, ಬರಿಗಾಲಲ್ಲಿ. ಎಲ್ಲರ ಎದುರಿಗೆ ನನ್ನ ಕೈ ಹಿಡಿದು, "ಅವನು ಬರಲ್ಲ ಕಣೆ. ಅವನ ಬದಲಿಗೆ ನಾನು ಬಂದಿದೀನಿ. ಎಲ್ಲಿ ಕೂರ್ಲಿ ಹೇಳು" ಅಂದರು. ಅಂತ್ಯಕ್ರಿಯೆ ಮುಗಿಯುವವರೆಗೆ ನಮ್ಮ ಹೆಂಗಸರ ನಡುವೆ ನೆಲದ ಮೇಲೆ ಕೂತರು.

ಅವತ್ತು ನನ್ನ ಮದುವೆ ಮುಗಿಯಿತು. ಅತ್ತೆ ಮುಗಿಯಲಿಲ್ಲ.

ಕೋರ್ಟಿನಲ್ಲಿ ಊಟ ಕಳಿಸುತ್ತಿಲ್ಲ ಎಂದು ಸುಳ್ಳು ಹೇಳಬೇಕಿತ್ತೇ? ಅಥವಾ ನಿಜ ಮಾಡುವುದಕ್ಕೆ ಅವರನ್ನು ಉಪವಾಸ ಕೆಡವಬೇಕೇ? ಬ್ರೆಡ್ಡಿನ ಒಲೆ ಮುಂದೆ ನಿಂತು ನಿನ್ನನ್ನು ಓದಿಸಿದವಳು ನಾನು. ನೀನು ಓದಿದ ಪುಸ್ತಕಕ್ಕೆ ಹೆದರಿ ನನ್ನ ಒಲೆ ಆರಿಸುವವಳಲ್ಲ.

ಭಾನುವಾರ ಚರ್ಚಿನ ಬಾಗಿಲಲ್ಲಿ ನಿನ್ನ ಅಪ್ಪ ಎಲ್ಲರಿಗೂ ಕೇಳುವಂತೆ, "ನಮ್ಮನೆಯವಳ ಕೈಯ ತಾಳೆಹಣ್ಣಿನ ಸಾರು ಈ ಊರಲ್ಲೇ ಯಾರಿಗೂ ಬರಲ್ಲ" ಎಂದರಂತೆ. ಬ್ರೆಡ್ಡು ಕೊಳ್ಳಲು ಬಂದವಳು ಹೇಳಿ, ನನ್ನ ಮುಖ ನೋಡುತ್ತ ನಿಂತಳು. ಹಿಟ್ಟು ಗುದ್ದುತ್ತಿದ್ದೆ. ಇನ್ನೂ ಜೋರಾಗಿ ಗುದ್ದಿದೆ.

ಇಂತಿ ನಿನ್ನ ತಾಯಿ,
ಸಪೊಮಾ


ಲೆಗಾನ್,
ಫೆಬ್ರುವರಿ ೨೦, ೧೯೯೬

ಅಮ್ಮಾ,

ಉತ್ತರಿಸುವ ಮೊದಲು ನಡೆದುದನ್ನು ತಿಳಿಸುತ್ತೇನೆ. ಶನಿವಾರ ಅಪ್ಪ ಇಲ್ಲಿಗೆ ಬಂದಿದ್ದರು. ಚರ್ಚಿನ ಕಪ್ಪು ಸೂಟು, ಕಂಕುಳಲ್ಲಿ ಹಾಲಿಗೆ ಬೆರೆಸುವ ಮೈಲೊ ಪುಡಿಯ ಒಂದು ಡಬ್ಬಿ. ನನ್ನ ಗೆಳತಿಯರೆಲ್ಲ ಓದುತ್ತಿದ್ದ ಹಜಾರದಲ್ಲೇ ಕುರ್ಚಿ ಎಳೆದುಕೊಂಡರು.

"ಏನಮ್ಮ ಲಾಯರಮ್ಮ, ತೀರ್ಪು ಓದಿದ್ಯಾ?"

"ಓದಿದೆ ಅಪ್ಪಾ."

"ನೋಡು, ನಾನೊಂದು ಮಾತೂ ಆಡ್ಲಿಲ್ಲ. ನಿಮ್ಮಮ್ಮನ ಪಾತ್ರೆನೇ ನನ್ನ ಕಡೆ ಸಾಕ್ಷಿ ಹೇಳ್ತು."

"ಪಾತ್ರೆಗೆ ಬಾಯಿ ಇದ್ದಿದ್ರೆ ಯಾರು ಉಂಡ್ರು ಅಂತಾನೂ ಹೇಳ್ತಿತ್ತು."

"ನಾನೂ ಉಂಡಿದೀನಿ. ಮುಚ್ಚಳ ತೆಗಿಯೋನೇ ನಾನು."

"ಅಜ್ಜಿ ಎದುರಿಗಾ?"

ಅವರು ಮೈಲೊ ಡಬ್ಬಿಯನ್ನು ಮೇಜಿನ ಮೇಲೆ ತಿರುಗಿಸುತ್ತ ಕುಳಿತರು. ಅನಂತರ ತಗ್ಗಿದ ದನಿಯಲ್ಲಿ, "ವಿಚ್ಛೇದನ ಆದೋನ್ನ ಎಲ್ಡರ್ ಮಾಡಿ ಇಟ್ಕೋತಾರಾ? ಮುಂದಿನ ಸಾಲಲ್ಲಿ ಕೂರೋಕೆ ಬಿಡ್ತಾರಾ? ನಿಮ್ಮಮ್ಮಂಗೆ ಹೇಳು, ಇದ್ದ ಹಾಗೇ ಇರ್ಲಿ. ನಾನೇನು ಬಾ ಅಂತ ಕರಿತಿದೀನಾ?" ಎಂದರು.

ಅಮ್ಮಾ, ಅವರಿಗೆ ಹೆಂಡತಿ ಬೇಕಿಲ್ಲ. ಮುಂದಿನ ಸಾಲಿನ ಕುರ್ಚಿಗೆ ಒಂದು ಕಾಲು ಬೇಕಾಗಿದೆ, ಆ ಕಾಲು ನೀನು. ನನ್ನ ತಾಯಿ ಯಾರ ಕುರ್ಚಿಯ ಕಾಲೂ ಆಗಬಾರದು. ಆ ಡಬ್ಬಿಯನ್ನು ಅವರ ಕೈಗೇ ಕೊಟ್ಟು ಬಸ್ಸಿನವರೆಗೆ ಕಳಿಸಿಬಂದೆ.

ಅಜ್ಜಿಯನ್ನು ಉಪವಾಸ ಕೆಡಹು ಎಂದು ನಾನು ಬರೆದಿರಲಿಲ್ಲ. ಬರೆದಂತೆ ಕೇಳಿಸಿದ್ದರೆ ಆ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತೇನೆ, ವಾದವನ್ನಲ್ಲ. ದೊಡ್ಡ ಪಾತ್ರೆ ಬಿಡು. ಒಬ್ಬರಿಗೆ ಸಾಲುವಷ್ಟನ್ನು ಚಿಕ್ಕ ಬಟ್ಟಲಲ್ಲಿ ಕಳಿಸು. ಅದು ಗಂಡನ ಊಟವಲ್ಲವೆಂದು ಯಾವ ನ್ಯಾಯಾಧೀಶರಿಗೂ ಕಣ್ಣಿಗೆ ಕಾಣಬೇಕು.

ಬಿರಾಗೊ


ಅಡುಮಾಸ,
ಮಾರ್ಚ್ ೧೦, ೧೯೯೬

ಬಿರಾಗೊ,

ನಿನ್ನ ಚಿಕ್ಕ ಬಟ್ಟಲ ಕಥೆ ಕೇಳು. ಕಳಿಸಿದೆ. ಮಾರನೆಯ ಬೆಳಿಗ್ಗೆ ಅತ್ತೆ ಗೋಡೆ ಹಿಡಿದುಕೊಂಡು ಬೀದಿ ದಾಟಿ ಒಲೆ ಹತ್ತಿರ ಬಂದು ಕೂತರು. ಬಿಸಿ ಬ್ರೆಡ್ಡು ಕೊಟ್ಟೆ. ಗಬಗಬ ತಿಂದರು. ಎರಡನೆಯ ದಿನವೂ ಹಾಗೇ ಆಯಿತು. ಆಮೇಲೆ ಕೇಳಿದೆ.

"ರಾತ್ರಿ ಊಟ ಬರ್ಲಿಲ್ವಾ ಅತ್ತೆ?"

"ಬಂತು."

"ಉಂಡ್ರಾ?"

"ಅವನು ಉಂಡ. ಗಂಡು ಮಗ, ಹಸಿವು ತಡಿಯಲ್ಲ."

ದೊಡ್ಡ ಪಾತ್ರೆಯಲ್ಲಿ ಅವನು ಮೊದಲು ಉಂಡರೂ ಮುದುಕಿಗೆ ಉಳಿಯುತ್ತಿತ್ತು. ಚಿಕ್ಕ ಬಟ್ಟಲಲ್ಲಿ ಉಳಿಯಲಿಲ್ಲ. ಅವತ್ತು ಸಂಜೆಯೇ ದೊಡ್ಡ ಪಾತ್ರೆ ತೆಗೆದೆ. ಇನ್ನು ನನಗೆ ಪಾತ್ರೆಯ ಅಳತೆ ಹೇಳಿಕೊಡಬೇಡ.

ಬಿಡುಗಡೆ ಬೇಡ ಎಂದು ನಾನೆಲ್ಲಿ ಹೇಳಿದೆ? ಬೇಕು. ಕೋರ್ಟಿನ ಕಾಗದದಲ್ಲಿ "ಶ್ರೀಮತಿ ಅಂಪಾಡು" ಎಂದು ನೋಡಿದಾಗಲೆಲ್ಲ ಅಪ್ಪನ ಹೆಣ ನಮ್ಮ ಅಂಗಳದಲ್ಲಿ ಪೆಟ್ಟಿಗೆಗಾಗಿ ಕಾಯುತ್ತಿದ್ದದ್ದು ಕಣ್ಣಿಗೆ ಬರುತ್ತದೆ. ನಾಳೆ ನಾನು ಸತ್ತರೆ ಅದೇ ಮನುಷ್ಯ ಗಂಡನೆಂದು ನನ್ನ ತಲೆಯ ಹತ್ತಿರ ಬಂದು ಕೂರುತ್ತಾನೆ. ಅದು ಆಗಕೂಡದು. ಆದರೆ ನಾನು ಹೊರಗೆ ಬರುವಾಗ ಮುದುಕಿಯನ್ನು ತುಳಿದುಕೊಂಡು ಬರುವುದಿಲ್ಲ. ಬೇರೆ ದಾರಿ ಹುಡುಕು. ಮೊದಲಿಗಳಲ್ಲವೇ ನೀನು?

ಸಪೊಮಾ


ಲೆಗಾನ್,
ಮಾರ್ಚ್ ೨೪, ೧೯೯೬

(ಅಮ್ಮಾ, ಇದು ಅಜ್ಜಿಗೆ. ಒಂದು ಪದವನ್ನೂ ಬಿಡದೆ ಓದಿ ಹೇಳು.)

ಗೌರವಾನ್ವಿತ ಫ್ರೇಮಾ ಅಜ್ಜಿಯವರಿಗೆ,

ಮೊಮ್ಮಗಳು ಮಗನ ವಿರುದ್ಧ ತಾಯಿಗೆ ಪತ್ರ ಬರೆಯುವುದು ಸಭ್ಯತೆಯಲ್ಲವೆಂದು ಬಲ್ಲೆ. ಆದರೂ ಬರೆಯುತ್ತಿದ್ದೇನೆ. ನೀವು ಉಣ್ಣುವ ಊಟವನ್ನು ಕೋರ್ಟು ನಿಮ್ಮ ಮಗನ ಊಟವೆಂದು ಬರೆದುಕೊಂಡಿದೆ. ಆ ಊಟ ನಿಮ್ಮದೆಂದು ನೀವು ಕೋರ್ಟಿಗೆ ಬಂದು ಹೇಳುವಿರಾ?

ಇನ್ನೊಂದು ಮಾತು. ಮದುವೆಯ ಮದ್ಯವನ್ನು ನಿಮ್ಮ ಕುಲದ ಗಂಡಸರು ಹಿಂದಕ್ಕೆ ಪಡೆಯುತ್ತಿಲ್ಲ. ಚರ್ಚಿನಲ್ಲಿ ಆದ ಮದುವೆ ಮದ್ಯ ಹಿಂದಿರುಗಿಸಿದರೆ ಮುರಿಯುವುದಿಲ್ಲ. ಅದನ್ನು ಕೋರ್ಟೇ ಮುರಿಯಬೇಕು. ಆದರೆ ಎರಡೂ ಮನೆತನ ಕೈಬಿಟ್ಟಿವೆ ಎಂಬುದಕ್ಕೆ ಅದು ಬಲವಾದ ಸಾಕ್ಷಿಯಾಗುತ್ತದೆ. ನಾನು ಕಾನೂನನ್ನೂ ಹಳೆಯ ತೀರ್ಪುಗಳನ್ನೂ ಮತ್ತೆ ಮತ್ತೆ ಓದಿದೆ. ಎಲ್ಲೆಡೆ ಮನೆತನ ಎಂದಿದೆ. ಗಂಡಸರು ಎಂದು ನನಗೆ ಎಲ್ಲಿಯೂ ಕಾಣಲಿಲ್ಲ. ನಿಮ್ಮ ಕುಲದ ಹಿರಿಯ ಹೆಂಗಸು ನೀವು. ಹೆಣ್ಣು ಕೇಳಲು ಅಮ್ಮನ ಮನೆಗೆ ಬಂದ ದಿನ ಮೊದಲು ಮಾತಾಡಿದವರೂ ನೀವೇ ಎಂದು ಕೇಳಿದ್ದೇನೆ.

ನಿಮ್ಮ ಮೊಮ್ಮಗಳು,
ಬಿರಾಗೊ


ಅಡುಮಾಸ,
ಏಪ್ರಿಲ್ ೭, ೧೯೯೬

ಏ ಬಿರಾಗೊ,

ನಾನು ಹೇಳ್ತಿದೀನಿ, ಸಪೊಮಾ ಬರೀತಿದಾಳೆ. ಬರೆಯೋವಾಗ ನಗ್ತಿದಾಳೆ, ಅದನ್ನೂ ಬರಿ ಅಂದಿದೀನಿ.

ನಿನ್ನ ಕಾಗದ ಪೊಲೀಸಿನೋನು ಬಾಗಿಲು ಬಡಿದ ಹಾಗಿದೆ. ಅಜ್ಜಿ ಹೇಗಿದೀಯ, ಮಂಡಿನೋವು ಹೇಗಿದೆ, ಏನೂ ಇಲ್ಲ. ನೇರ ಕೋರ್ಟಿಗೆ ಬಾ ಅಂತೀಯ. ಓದಿ ಓದಿ ನಿನ್ನ ನಾಲಿಗೆ ಒಣಗಿದೆ. ರಜಕ್ಕೆ ಬಂದಾಗ ಸಾರು ಕುಡಿ.

ಕೋರ್ಟಲ್ಲಿ ನಿಂತು ಹೊಟ್ಟೇಲಿ ಹುಟ್ಟಿದೋನ ಮೇಲೆ ಬೆರಳು ತೋರ್ಸು ಅಂದ್ರೆ ನಾನು ತೋರ್ಸಲ್ಲ. ಇನ್ನೊಂದ್ಸಲ ಕೇಳ್ಬೇಡ. ಅವನು ಕೆಟ್ಟೋನಲ್ಲ, ಹೆದರುಪುಕ್ಲ. ಪಾದ್ರಿಗೆ ಹೆದರ್ತಾನೆ, ಮುಂದಿನ ಸಾಲಿನೋರಿಗೆ ಹೆದರ್ತಾನೆ. ಸತ್ತೋರಿಗೆ ಮಾತ್ರ ಹೆದರ್ಲಿಲ್ಲ, ಹೆದರ್ಬೇಕಾಗಿದ್ದು ಅವರಿಗೇ.

ಆದ್ರೆ ಗಂಡಸರು ಅಂತ ಬರೆದಿಲ್ಲ ಅಂದ್ಯಲ್ಲ, ಅದನ್ನ ಸಪೊಮಾ ಹತ್ರ ಇನ್ನೊಂದ್ಸಲ ಓದ್ಸಿದೆ. ಆಮೇಲೆ ಇನ್ನೊಂದ್ಸಲ. ನಿಜಾನಾ? ಸುಳ್ಳಾದ್ರೆ ನಿನ್ನ ಕಿವಿ ಹಿಂಡ್ತೀನಿ, ಲಾಯರಾದ್ರೂ ಸರಿ.

ಕಣ್ಣು ಹೋಗಿದೆ, ಕಾಲು ಇದೆ. ಈಗ ಇವಳು ನಗ್ತಿಲ್ಲ, ಅಳ್ತಿದಾಳೆ. ಅದನ್ನ ಬರೀಬೇಡ ಅಂದೆ, ಬರೆದ್ಲು.

ಫ್ರೇಮಾ


ಅಡುಮಾಸ,
ಮೇ ೧೯, ೧೯೯೬

ಮಗಳೇ,

ಅಜ್ಜಿ ಈಗ ನಮ್ಮ ಮನೆಯಲ್ಲಿದ್ದಾರೆ. ಮೊದಲಿಂದ ಹೇಳುತ್ತೇನೆ.

ಆ ದಿನ ಬ್ರೆಡ್ಡು ತೆಗೆಯುವ ಹೊತ್ತಿಗೆ ಅವರು ಬೀದಿ ದಾಟಿ ಬಂದರು. ತಲೆಯ ಮೇಲೆ ಬಟ್ಟೆಗಂಟು, ಕೈಯಲ್ಲಿ ಕೂರುವ ಮಣೆ. ಮಣೆಯನ್ನು ಜಗಲಿಯ ಮೇಲೆ ಇಟ್ಟು ಕೂತುಬಿಟ್ಟರು. "ಊಟ ನಂದು ಅಂತಿದ್ದೆಯಲ್ಲ, ಪಾತ್ರೆ ನನ್ನ ಹಿಂದೆ ಬರುತ್ತಾ ನೋಡೋಣ" ಎಂದರು.

ಬೇರೆ ಕುಲದ ಹಿರಿಯ ಹೆಂಗಸು ಸೊಸೆಯ ತವರಿನಲ್ಲಿ ಮಣೆ ಹಾಕಿ ಕೂತದ್ದನ್ನು ಈ ಊರು ಕಂಡಿಲ್ಲ. ನಿನ್ನ ಸೋದರಮಾವ ಬಾಫಿ ಒಳಗೆ ಹೋದ, ಹೊರಗೆ ಬಂದ, ಮತ್ತೆ ಒಳಗೆ ಹೋದ. ಬ್ರೆಡ್ಡು ಬೇಡದವರೂ ಬ್ರೆಡ್ಡು ಕೊಳ್ಳಲು ಬಂದರು.

ಸಂಜೆ ಎದುರು ಮನೆಗೆ ಪಾತ್ರೆ ಹೋಗಲಿಲ್ಲ. ಜಗಲಿಗೆ ಹೋಯಿತು. ಕೆಲವು ದಿನ ನಿನ್ನ ಅಪ್ಪ ಕಿಟಕಿಯಿಂದ ನೋಡಿದರು. ಆಮೇಲೆ ತಮ್ಮ ಕುಲದ ಯಜಮಾನರನ್ನು, ಇನ್ನಿಬ್ಬರು ಗಂಡಸರನ್ನು ಕರೆದುಕೊಂಡು ಬಂದು ನಮ್ಮ ಅಂಗಳದಲ್ಲಿ ನಿಂತರು. ಬಾಫಿ ಕುರ್ಚಿ ಕೊಟ್ಟ, ನೀರು ಕೊಟ್ಟ, ಬಂದ ವಿಷಯ ಕೇಳಿದ.

"ಅಮ್ಮನ್ನ ಕರ್ಕೊಂಡು ಹೋಗೋಕೆ ಬಂದೆ" ಎಂದರು ನಿನ್ನ ಅಪ್ಪ.

"ಯಾಕೋ?" ಎಂದರು ಅತ್ತೆ, ಮಣೆಯಿಂದಲೇ.

"ಯಾಕೆ ಅಂದ್ರೆ? ಜನ ಏನಂತಾರೆ?"

"ಹೆಂಡತಿ ಬಿಟ್ಟಿದ್ದಕ್ಕೆ ಬರ್ದೇ ಇದ್ದ ನಾಚಿಕೆ ಅಮ್ಮ ಬಿಟ್ಟಿದ್ದಕ್ಕೆ ಬಂತಾ?"

"ನಾನೆಲ್ಲಿ ಬಿಟ್ಟೆ? ಕೋರ್ಟೇ ಹೇಳಿದೆ, ಮದುವೆ ಇದೆ ಅಂತ!"

"ಹಂಗಾದ್ರೆ ಈಗ್ಲೇ ಕರಿ ಅವಳನ್ನ. ಇಲ್ಲೇ ನಿಂತಿದಾಳೆ. ಬಾರೇ ಮನೆಗೆ ಅನ್ನು. ಅವಳಪ್ಪನ ವಿಷಯದಲ್ಲಿ ತಪ್ಪಾಯ್ತು ಅನ್ನು. ಅಂದ್ರೆ ನಾನೂ ಎದ್ದು ಬರ್ತೀನಿ."

ಬಿರಾಗೊ, ಅಂದುಬಿಟ್ಟರೆ ಏನು ಮಾಡುವುದು ಎಂದು ನಿಜವಾಗಿ ಹೆದರಿದೆ. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು. ಅವರು ಯಜಮಾನರ ಮುಖ ನೋಡಿದರು, ತಮ್ಮ ಷೂ ನೋಡಿಕೊಂಡರು. "ಮದ್ಯ ಎರೆದ ಅಂಗಳದಲ್ಲಿ ನಾನು ತಪ್ಪಾಯ್ತು ಅನ್ನೋಕಾಗಲ್ಲ" ಎಂದರು.

ಅತ್ತೆ ತಲೆಯಾಡಿಸಿದರು. "ಕೇಳಿದ್ರಾ? ಇದಕ್ಕಿಂತ ಹೆಚ್ಚು ರಾಜಿ ಮಾಡೋಕೆ ನನಗೆ ಬರಲ್ಲ. ಬಾಫಿ, ಆ ಬಾಟಲಿ ತಾರೋ."

ಬಾಫಿ ಎರಡು ಬಾಟಲಿ ಜಿನ್ ತಂದ. ಯಜಮಾನರು ಎದ್ದು ನಿಂತು, "ಅಕ್ಕಾ, ನಾವು ಮುಟ್ಟದೇ ಇರೋದನ್ನ ನೀನು ಮುಟ್ತೀಯಾ?" ಎಂದರು.

"ಇವಳನ್ನ ಕೇಳೋಕೆ ಈ ಮನೆಗೆ ಬಂದಾಗ ನೀನೆಲ್ಲಿದ್ದೆಯೋ? ಮೀಸೆ ಬಂದಿರ್ಲಿಲ್ಲ ನಿಂಗೆ. ಕೇಳಿದ್ದು ನಾನು. ಕೊಟ್ಟಿದ್ದು ನಾನು. ತಗೊಳ್ಳೋದೂ ನಾನೇ."

ತೆಗೆದುಕೊಂಡರು. ನನ್ನನ್ನು ಹತ್ತಿರ ಕರೆದರು. ಸೊಂಟದ ಗಂಟಿನಿಂದ ಬಿಳಿಮಣ್ಣಿನ ಉಂಡೆ ತೆಗೆದರು, ಅದನ್ನು ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದರು. ನೀರಲ್ಲಿ ತೇಯ್ದು ನನ್ನ ಹೆಗಲಿಗೆ ಬಳಿದರು. ಗಂಡ ಬಳಿಯಬೇಕಾದ ಮಣ್ಣು ಅದು, ಅವನು ಬಳಿದ ಮೇಲೆಯೇ ಹೆಂಗಸಿಗೆ ಬಿಡುಗಡೆ.

"ಅವನು ಬರಲ್ಲ ಕಣೆ. ಅವನ ಬದಲಿಗೆ ನಾನು ಬಂದಿದೀನಿ" ಎಂದರು.

ನಿನ್ನ ತಾಯಿ,
ಸಪೊಮಾ


ಲೆಗಾನ್,
ಜೂನ್ ೬, ೧೯೯೬

ಶ್ರೀ ಅಂಪಾಡು ಅವರಿಗೆ,
ಪ್ರೀತಿಯ ಅಪ್ಪಾ,

ಅಜ್ಜಿಯನ್ನು ಮನೆಗೆ ಕಳಿಸುವಂತೆ ಅಮ್ಮನಿಗೆ ಬುದ್ಧಿ ಹೇಳಬೇಕೆಂದು ಬರೆದಿದ್ದೀರಿ. ಹೇಳಲಾರೆ. ಅಜ್ಜಿಯನ್ನು ಯಾರೂ ಒಯ್ದಿಲ್ಲ. ಅವರ ಕಾಲು ಅವರದು.

ಈ ತಿಂಗಳು ಅಮ್ಮ ಹೊಸ ಅರ್ಜಿ ಹಾಕುತ್ತಿದ್ದಾರೆ. ಮೇಲ್ಮನವಿಯ ಅವಧಿ ಮುಗಿದಿದೆ, ನಾವು ಅದನ್ನು ಬೇಕೆಂದೇ ಬಿಟ್ಟೆವು. ಅಂಗಳದಲ್ಲಿ ನಡೆದುದೆಲ್ಲ ಅರ್ಜಿಯಲ್ಲಿದೆ. ನಿಮ್ಮ ಕುಲದ ಯಜಮಾನರು ತಾವು ಕಂಡದ್ದನ್ನು ಹೇಳಲು ಒಪ್ಪಿದ್ದಾರೆ. ಬಾಟಲಿ ಮುಟ್ಟಲು ಒಲ್ಲದವರು ಸುಳ್ಳು ಹೇಳಲೂ ಒಲ್ಲರು. ಅಜ್ಜಿಯನ್ನು ನಾವು ಸಾಕ್ಷಿಗೆ ಕರೆಯುವುದಿಲ್ಲ. ನಿಮ್ಮ ವಿರುದ್ಧ ಅವರು ಬೆರಳೆತ್ತಲಾರರೆಂದು ಸ್ಪಷ್ಟವಾಗಿ ಹೇಳಿದ್ದಾರೆ, ಅದು ನಿಮಗೂ ತಿಳಿದಿರಲಿ.

ನೀವು ನನ್ನ ಅಪ್ಪನಾಗಿಯೇ ಇರುತ್ತೀರಿ. ಅದನ್ನು ಯಾವ ಕೋರ್ಟೂ ಕೇಳುವುದಿಲ್ಲ. ಮುಂದಿನ ಸಾಲಿನ ಕುರ್ಚಿಯನ್ನು ಇನ್ನು ಮುಂದೆ ನೀವೇ ನಿಮ್ಮ ಕಾಲಿನ ಮೇಲೆ ನಿಲ್ಲಿಸಿಕೊಳ್ಳಬೇಕು.

ನಿಮ್ಮ ಮಗಳು,
ಬಿರಾಗೊ


ಅಡುಮಾಸ,
ನವೆಂಬರ್ ೨೨, ೧೯೯೬

ಮಗಳೇ ಬಿರಾಗೊ,

ಪರೀಕ್ಷೆ ಬಿಟ್ಟು ಬರಬೇಡ ಎಂದು ನಾನೇ ಹೇಳಿದ್ದರೂ ಇವತ್ತು ಹಿಂದಿನ ಬೆಂಚನ್ನು ತಿರುಗಿ ನೋಡುತ್ತಲೇ ಇದ್ದೆ.

ಅದೇ ನ್ಯಾಯಾಧೀಶರು. ಅದೇ ವಕೀಲರು, ಅದೇ ಮೆತ್ತನೆಯ ದನಿ.

"ಯಮ್ಮಾ, ಸಂಜೆ ಊಟದ ಪಾತ್ರೆ ಈಗ್ಲೂ ಹೋಗುತ್ತಾ?"

"ಹೋಗುತ್ತೆ. ದಿನಾ."

ಅವರು ನ್ಯಾಯಾಧೀಶರ ಕಡೆ ತಿರುಗಿ ನಕ್ಕು ಕೂತರು. ಈ ಸಲ ನಮ್ಮ ವಕೀಲರು ಕನ್ನಡಕ ಒರೆಸಲಿಲ್ಲ. ನೀನು ಬರೆದುಕೊಟ್ಟಿದ್ದನ್ನು ಕೈಯಲ್ಲಿ ಹಿಡಿದು ಎದ್ದರು.

"ಎಲ್ಲಿಗೆ ಹೋಗುತ್ತೆ?"

"ನಮ್ಮ ಒಲೆಯಿಂದ ನಮ್ಮ ಜಗಲಿಗೆ."

"ಯಾರಿಗೆ?"

"ಮೊದ್ಲಿಂದ ಯಾರಿಗೆ ಹೋಗ್ತಿತ್ತೋ ಅವರಿಗೇ. ಅಗೋ, ಅಲ್ಲಿ ಕೂತಿದಾರೆ."

ಎಲ್ಲರೂ ತಿರುಗಿದರು. ಅಜ್ಜಿ ಬೆಂಚಿನ ಮೇಲಿಂದ ಜೋರಾಗಿ, "ಉಪ್ಪು ಕಮ್ಮಿ ಹಾಕ್ತಾಳೆ, ಅದನ್ನೂ ಬರ್ಕೊಳ್ಳಿ!" ಎಂದರು. ನ್ಯಾಯಾಧೀಶರು ಅವರನ್ನು ಸುಮ್ಮನಿರಲು ಹೇಳಿದರು, ಆದರೆ ಹೇಳುವ ಮೊದಲು ಸ್ವಲ್ಪ ಹೊತ್ತು ಕಾಗದದ ಹಿಂದೆ ಮುಖ ಇಟ್ಟುಕೊಂಡಿದ್ದರು.

ಆಮೇಲೆ ಯಜಮಾನರು ನಿಂತು, ಎರಡೂ ಮನೆತನ ಕೂತದ್ದು, ನಿನ್ನ ಅಪ್ಪನಿಗೆ ಕರೆಯಲು ಹೇಳಿದ್ದು, ಅವರು ಕರೆಯದೇ ಇದ್ದದ್ದು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದರು. ನಿನ್ನ ಅಪ್ಪನನ್ನು ಕೇಳಿದಾಗ ಅವರು ತಲೆ ಬಗ್ಗಿಸಿ, ಹೌದು, ಹಾಗೇ ಆಯಿತು ಎಂದರು. ನೀನು ಹೇಳಿದ್ದೇ ಸರಿ, ಮನೆತನ ಎಂಬ ಮಾತಿನ ಮೇಲೆ ಯಾರೂ ಜಗಳಕ್ಕೆ ಬರಲಿಲ್ಲ.

ವಿಚ್ಛೇದನ ಕೊಟ್ಟರು. ಇನ್ನು ಆ ಮನುಷ್ಯ ನನ್ನ ತಲೆಯ ಹತ್ತಿರ ಕೂರುವಂತಿಲ್ಲ.

ಸಂಜೆ ಮನೆಗೆ ಬಂದು ಫುಫು ಕುಟ್ಟಿದೆ. ಎದುರು ಮನೆಯ ಮೆಟ್ಟಿಲ ಮೇಲೆ ನಿನ್ನ ಅಪ್ಪ ಒಬ್ಬರೇ ಕೂತಿದ್ದರು, ಕಪ್ಪು ಸೂಟು ಬಿಚ್ಚಿರಲಿಲ್ಲ. ಅತ್ತೆ ಅರ್ಧ ಉಂಡು, ಉಳಿದದ್ದಕ್ಕೆ ಮುಚ್ಚಳ ಹಾಕಿ, ಪಾತ್ರೆಯ ಮೇಲೆ ಕೈ ಇಟ್ಟುಕೊಂಡು ಕೂತರು.

"ಕಳಿಸ್ತೀರಾ ಅತ್ತೆ?" ಎಂದೆ. "ನಿಮ್ಮ ಊಟ, ನಿಮ್ಮಿಷ್ಟ. ನಾನಂತೂ ಹೊರಲ್ಲ."

ಅತ್ತೆ ಪಾತ್ರೆಯನ್ನು ಮಡಿಲಿಗೆ ಎಳೆದುಕೊಂಡರು. "ನಾನೂ ಕಳಿಸಲ್ಲ. ಹಸಿವಾದ್ರೆ ಬೀದಿ ದಾಟಿ ಬರ್ಲಿ, ಅವನಿಗೂ ಕಾಲಿದೆ. ಬಂದು ಅಮ್ಮನ್ನ ಕೇಳ್ಲಿ. ನಿನ್ನಲ್ಲ."

ಇದನ್ನು ಬರೆಯುವ ಹೊತ್ತಿಗೆ ನಿನ್ನ ಅಪ್ಪ ಮೆಟ್ಟಿಲಿಂದ ಎದ್ದು ನಿಂತಿದ್ದಾರೆ. ಬರುತ್ತಾರೋ ಇಲ್ಲವೋ ನಾನು ನೋಡುವುದಿಲ್ಲ. ನಾಳೆಯ ಬ್ರೆಡ್ಡಿಗೆ ಹಿಟ್ಟು ಕಲೆಸಬೇಕು.

ಇಂತಿ,
ಯಾರ ಶ್ರೀಮತಿಯೂ ಅಲ್ಲದ ನಿನ್ನ ತಾಯಿ,
ಸಪೊಮಾ